ಡಿಸ್ಕ್ ಬದಲಾಯಿತು, ಪಹಣಿಯಲ್ಲಿ ಹೆಸರು ಬದಲಾಗಲಿಲ್ಲ

ಕಳೆದ ಏಪ್ರಿಲ್‌ನಲ್ಲಿ ಗಂಗಾವತಿಯ ಒಂದು ರೈಸ್ ಮಿಲ್‌ನ ಸರ್ವರ್‌ಗೆ ಎರಡು ಹೊಸ ಹಾರ್ಡ್ ಡಿಸ್ಕ್ ಹಾಕಿದೆ. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು. ಡಿಸ್ಕ್ ಹಾಕಿದ್ದು ನಿಜವಾಗಿ ಒಂದೇ ದಿನ, ಉಳಿದದ್ದೆಲ್ಲ ಅದರ ನಂತರ ಒಂದೊಂದಾಗಿ ತಲೆ ಎತ್ತಿದ ಎರರ್‌ಗಳ ಹಿಂದೆ ಓಡಿದ್ದು.

ಸರ್ವರ್ ಅಂದರೆ ದೊಡ್ಡದೇನಲ್ಲ. ಗುಮಾಸ್ತರ ಟೇಬಲ್ ಕೆಳಗಿರುವ ಒಂದು ಟವರ್ ಪಿಸಿ. ಒಳಗೆ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, 2 ಟಿಬಿಯ ಎರಡು ಡಿಸ್ಕ್, ರೇಡ್ 1. ಅಂದರೆ ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತದೆ, ಒಂದು ಹೋದರೆ ಇನ್ನೊಂದು ನಡೆಸುತ್ತದೆ. ಟ್ಯಾಲಿ ಡೇಟಾ ಅದರ ಸಾಂಬಾ ಶೇರ್‌ನಲ್ಲಿದೆ, ಅಂದರೆ ಬೇರೆ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೂಲಕ ತೆರೆಯಬಲ್ಲ ಫೋಲ್ಡರ್‌ನಲ್ಲಿ. ಲಾರಿ ತೂಗುವ ಕಾಟಾದ ಕಂಪ್ಯೂಟರ್ ಕೂಡ ಸ್ಲಿಪ್ಪುಗಳನ್ನು ಅಲ್ಲಿಗೇ ಬರೆಯುತ್ತದೆ. ಆರು ವರ್ಷದ ಹಿಂದೆ ನಾನೇ ಜೋಡಿಸಿ ಕೊಟ್ಟದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಬೈಯಬೇಕಾದ ಜಾಗ ಬಂದಾಗ ಬೈಸಿಕೊಳ್ಳುವವನೂ ನಾನೇ.

ಮಾರ್ಚ್ ಕೊನೆಗೆ ಡಿಸ್ಕ್‌ಗಳ ಮೇಲೆ ಕಣ್ಣಿಡುವ ಸ್ಮಾರ್ಟ್‌ಡಿ ಪ್ರೋಗ್ರಾಂನಿಂದ ಮೇಲ್ ಬಂತು. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಆ ಲೆಕ್ಕದಲ್ಲಿ 197ನೇ ಸಾಲು ಅಂದರೆ ಓದಲು ಆಗದೆ ಬಾಕಿ ಉಳಿದ ಸೆಕ್ಟರ್‌ಗಳು, ಡಿಸ್ಕ್‌ನ ಪುಟ್ಟ ಪುಟ್ಟ ತುಂಡುಗಳು. ಎರಡನೇ ಡಿಸ್ಕ್‌ನಲ್ಲಿ ಅದು 8 ಇತ್ತು. ವಾರದೊಳಗೆ 24 ಆಯಿತು. ಯಾಕೆ ಎಂಟೆಂಟಾಗಿಯೇ ಏರುತ್ತದೆ ಅಂದರೆ, ಈಗಿನ ಡಿಸ್ಕ್‌ಗಳು ಹೊರಗೆ 512 ಬೈಟಿನ ಸೆಕ್ಟರ್ ಅಂತ ತೋರಿಸಿಕೊಂಡರೂ ಒಳಗಿನ ಸೆಕ್ಟರ್ 4096 ಬೈಟಿನದು, ಒಂದು ಕೆಟ್ಟರೆ ಎಂಟು ಕೆಟ್ಟ ಲೆಕ್ಕ. ಅದೇ ಹೊತ್ತಿಗೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆದಿಡುವ ಲಾಗ್‌ನಲ್ಲಿ ಮೊದಲನೇ ಡಿಸ್ಕ್ ಹೆಸರಲ್ಲೂ ಕೆಂಪು ಸಾಲುಗಳು ಕಂಡವು. ಎರಡೂ ಆರು ವರ್ಷ ದುಡಿದಿವೆ, ಎರಡನ್ನೂ ತೆಗೆದುಬಿಡೋಣ ಅಂತ ತೀರ್ಮಾನ ಮಾಡಿದೆ. ಆ ಕೆಂಪು ಸಾಲುಗಳು ಏನು ಹೇಳುತ್ತಿವೆ ಅಂತ ಓದಲಿಲ್ಲ. ಕೆಂಪಗಿವೆ, ಅಷ್ಟೇ ನೋಡಿದ್ದು.

ಹುಬ್ಬಳ್ಳಿಯಿಂದ 4 ಟಿಬಿಯ ಎರಡು ಡಿಸ್ಕ್ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದೆ. ಬೇಸಿಗೆ ಬೆಳೆಯ ಭತ್ತ ಬರುವ ಸಮಯ, ಮಿಲ್ ನಿಲ್ಲಿಸಲು ಸಾಹುಕಾರರು ಒಪ್ಪಲ್ಲ. ಅಮಾವಾಸ್ಯೆ ದಿನ ಅಲ್ಲಿ ಹಮಾಲರು ಬರಲ್ಲ, ಮಿಲ್ ತಾನಾಗಿಯೇ ಬಂದ್. ಆ ದಿನ ಬೆಳಿಗ್ಗೆ ಏಳಕ್ಕೆ ಹೋಗಿ ಕೂತೆ. ಮೊದಲು ಎಲ್ಲವನ್ನೂ ಯುಎಸ್‌ಬಿ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ಆಮೇಲೆ ಎರಡನೇ ಡಿಸ್ಕ್ ಅನ್ನು ರೇಡ್‌ನಿಂದ ಹೊರಗೆ ತೆಗೆದು, ಹೊಸದನ್ನು ಸೇರಿಸಿದೆ.

ಇಲ್ಲಿ ಒಂದು ಮಾತು. ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸುವ ಒಂದು ಸಾಟಾ ಪೋರ್ಟ್ ಖಾಲಿ ಇದ್ದರೆ ಹಳೇ ಡಿಸ್ಕ್ ಅನ್ನು ಕೀಳುವ ಮೊದಲೇ ಹೊಸದನ್ನು ಹಾಕಿ, ರೇಡ್ ನಡೆಸುವ ಎಂಡಿಎಡಿಎಂ ಪ್ರೋಗ್ರಾಂನ ರಿಪ್ಲೇಸ್ ಆಯ್ಕೆ ಬಳಸಿ. ಕಾಪಿ ಮುಗಿಯುವ ತನಕ ಹಳೆಯದೂ ರೇಡ್‌ನಲ್ಲೇ ಇರುತ್ತದೆ, ಹಾಗಾಗಿ ಒಂಟಿ ಡಿಸ್ಕ್ ಮೇಲೆ ಪ್ರಾಣ ಇಟ್ಟುಕೊಂಡು ಕೂರಬೇಕಿಲ್ಲ. ನಮ್ಮ ಬೋರ್ಡ್‌ನಲ್ಲಿ ಪೋರ್ಟ್ ಖಾಲಿ ಇತ್ತು. ಸಾಟಾ ಕೇಬಲ್ ಇರಲಿಲ್ಲ! ನೂರು ರೂಪಾಯಿಯ ಕೇಬಲ್ ತರದೆ ಬಂದಿದ್ದೆ. ಈ ಕಥೆಯಲ್ಲಿ ಕೇಬಲ್ ಮತ್ತೆ ಬರುತ್ತದೆ.

ಪಾರ್ಟಿಷನ್ ವಿಷಯದಲ್ಲಿ ಮಾತ್ರ ಎಡವಲಿಲ್ಲ. ಹಳೇ ಡಿಸ್ಕ್‌ನ ಪಾರ್ಟಿಷನ್ ಟೇಬಲ್, ಅಂದರೆ ಡಿಸ್ಕನ್ನು ಹೇಗೆ ಪಾಲು ಮಾಡಿದೆ ಅನ್ನುವ ಪಟ್ಟಿ, ಎಂಬಿಆರ್ ಅನ್ನುವ ಹಳೇ ರೀತಿಯದು. ಅದನ್ನೇ ಹೊಸದಕ್ಕೆ ಕಾಪಿ ಹೊಡೆದರೆ 4 ಟಿಬಿಯಲ್ಲಿ ಅರ್ಧ ಹಾಳು, ಎಂಬಿಆರ್‌ನ ಲೆಕ್ಕ ಸುಮಾರು 2 ಟಿಬಿಗೇ ಮುಗಿದುಹೋಗುತ್ತದೆ. ಜಿಪಿಟಿ ಅನ್ನುವ ಹೊಸ ರೀತಿಯದು ಮಾಡಬೇಕು. ಬಯೋಸ್‌ನಿಂದ ಬೂಟ್ ಆಗುವ ಹಳೇ ಮೆಷಿನ್ ಆದರೆ ಜಿಪಿಟಿಯಲ್ಲಿ ಸಿಸ್ಟಮ್ ಅನ್ನು ಎಬ್ಬಿಸುವ ಗ್ರಬ್ ಪ್ರೋಗ್ರಾಂಗೆ ಅಂತ ಸುಮಾರು 1 ಎಂಬಿಯ ಪುಟ್ಟ ಪಾರ್ಟಿಷನ್ ಬಿಡಬೇಕು, ಇಲ್ಲದಿದ್ದರೆ ಗ್ರಬ್ ಕೂರಲು ಜಾಗವಿಲ್ಲ ಅಂತ ತಕರಾರು ಮಾಡುತ್ತದೆ. ಇದು ಬೇರೆ ಕಡೆ ಒಮ್ಮೆ ಪೆಟ್ಟು ತಿಂದು ಕಲಿತದ್ದು.

ಸಿಂಕ್, ಅಂದರೆ ಹಳೇ ಡಿಸ್ಕ್‌ನದ್ದೆಲ್ಲ ಹೊಸದಕ್ಕೆ ಕಾಪಿ ಆಗುವುದು, ಶುರುವಾಯಿತು. 2 ಟಿಬಿಗೆ ನಾಲ್ಕು ಗಂಟೆ ಸಾಕು. ನಮಗೆ ಏಳು ಗಂಟೆ ಹಿಡಿಯಿತು. ನಡುವೆ ಒಮ್ಮೊಮ್ಮೆ ಪೂರ್ತಿ ನಿಂತು, ಅರ್ಧ ನಿಮಿಷ ಬಿಟ್ಟು ಮುಂದೆ ಹೋಗುತ್ತಿತ್ತು. ಹಳೇ ಡಿಸ್ಕ್ ಅಲ್ವಾ, ಏದುಸಿರು ಬಿಡುತ್ತಿದೆ ಅಂದುಕೊಂಡೆ. ಹೊರಗೆ ಉರಿ ಬಿಸಿಲು. ಗುಮಾಸ್ತರು ಒಗ್ಗರಣಿ ಮಿರ್ಚಿ ತರಿಸಿದರು. ಸುಮ್ನೆ ಕೂರಲಾಗದೆ, ಸಿಂಕ್ ನಡೆಯುತ್ತಿರುವಾಗಲೇ ಎಂಡಿಎಡಿಎಂನ ಕಾನ್ಫಿಗ್ ಫೈಲನ್ನು ಹೊಸದಾಗಿ ಬರೆಸಿಬಿಟ್ಟೆ. ಆ ಅವಸರದ ಫಲ ಆಮೇಲೆ ಸಿಕ್ಕಿತು. ರಾತ್ರಿ ಮೊದಲನೇ ಡಿಸ್ಕ್ ಕೂಡ ಬದಲಾಯಿಸಿ, ಎರಡಕ್ಕೂ ಗ್ರಬ್ ಹಾಕಿ, ಸಿಂಕ್ ಹಚ್ಚಿ ಮನೆಗೆ ಹೋದೆ.

ಬೆಳಿಗ್ಗೆ ರೇಡ್ ಸ್ಥಿತಿಯಲ್ಲಿ ಎರಡೂ ಡಿಸ್ಕ್ ಸರಿ ಅಂತ ತೋರಿಸಿತು. ಖುಷಿಯಿಂದ ರೀಬೂಟ್ ಮಾಡಿದೆ. ಪರದೆ ಮೇಲೆ ಯಾವುದೋ ಯುಯುಐಡಿಗೆ (ಪ್ರತಿ ಪಾರ್ಟಿಷನ್‌ಗೂ ಇರುವ ಗುರುತಿನ ನಂಬರ್) ಕಾಯುತ್ತಿದ್ದೇನೆ ಅನ್ನುವ ಸಾಲು ನಿಂತಿತು. ಪಕ್ಕದಲ್ಲಿ 1 ನಿಮಿಷ 30 ಸೆಕೆಂಡಿನ ಗಡುವು. ಗುಮಾಸ್ತರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಕೇಳಿದರು, “ಹೊಸಾ ಡಿಸ್ಕ್ ಹಾಕೀನಿ ಅಂತೀರಿ, ಮತ್ತ ಯಾಕ್ರೀ ಇದು ಕೆಂಪು ಬಣ್ಣ ತೋರಿಸ್ತೈತಿ?”

ಕಾರಣ ಹುಡುಕಿದರೆ ನಗು ಬಂತು. ಆರು ವರ್ಷದ ಹಿಂದೆ ಸ್ವಾಪ್ ಪಾರ್ಟಿಷನ್ ಅನ್ನು (ಮೆಮೊರಿ ಸಾಲದಾದಾಗ ಬಳಸುವ ಜಾಗ) ರೇಡ್ ಹೊರಗೆ, ಎರಡನೇ ಡಿಸ್ಕ್‌ನಲ್ಲಿ ಮಾತ್ರ ಮಾಡಿಟ್ಟಿದ್ದೆ. ಆ ಡಿಸ್ಕ್ ಈಗ ನನ್ನ ಚೀಲದಲ್ಲಿದೆ. ಬೂಟ್ ಆಗುವಾಗ ಯಾವ ಪಾರ್ಟಿಷನ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಮಾತ್ರ ಅದರ ಯುಯುಐಡಿ ಹಾಗೇ ಇದೆ. ಬೂಟ್ ನಡೆಸುವ ಸಿಸ್ಟಮ್‌ಡಿ ಪಾಪ, ಬರದವನಿಗಾಗಿ ಒಂದೂವರೆ ನಿಮಿಷ ಕಾದು ಕೈಬಿಡುತ್ತಿತ್ತು. ಸ್ವಾಪ್ ಆದ್ದರಿಂದ ಕಾದು ಮುಂದೆ ಹೋಯಿತು. ಸಿಗದಿದ್ದರೂ ಮುಂದೆ ಹೋಗು ಅನ್ನುವ ನೋಫೇಲ್ ಆಯ್ಕೆ ಹಾಕದ ಡೇಟಾ ಪಾರ್ಟಿಷನ್ ಆಗಿದ್ದರೆ ಎಮರ್ಜೆನ್ಸಿ ಮೋಡ್‌ಗೆ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಹೊಸ ಸ್ವಾಪ್ ಮಾಡಿ ಹೊಸ ಯುಯುಐಡಿ ಬರೆದೆ. ಮತ್ತೆ ರೀಬೂಟ್. ಕಾಯುವುದು ಕಮ್ಮಿ ಆಯಿತು, ಪೂರ್ತಿ ಹೋಗಲಿಲ್ಲ. ಈ ಸಲ ರೆಸ್ಯೂಮ್ ಡಿವೈಸ್ ಸಿಗಲಿಲ್ಲ ಅಂತ ದೂರು. ಡೆಬಿಯನ್ ಹೈಬರ್ನೇಟ್‌ಗೆ ಅಂತ ಅದೇ ಸ್ವಾಪ್‌ನ ಯುಯುಐಡಿಯನ್ನು ಇನಿಟ್‌ರಾಮ್‌ಎಫ್‌ಎಸ್‌ನ (ಬೂಟ್‌ನ ಮೊದಲ ಹಂತಕ್ಕೆ ಬೇಕಾದ ಫೈಲ್‌ಗಳ ಗಂಟು) ರೆಸ್ಯೂಮ್ ಅನ್ನುವ ಪುಟ್ಟ ಫೈಲ್‌ನಲ್ಲೂ ಬರೆದಿಟ್ಟಿರುತ್ತದೆ. ಅದನ್ನು ತಿದ್ದಿ, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿದ ಮೇಲೆಯೇ ಬೂಟ್ ಸಲೀಸಾದದ್ದು.

ಹೊಲ ಮಾರಿ ಹತ್ತು ವರ್ಷ ಆದರೂ ಪಹಣಿಯಲ್ಲಿ ಹಳೇ ಮಾಲೀಕನ ಹೆಸರೇ ಬರುತ್ತಿರುತ್ತದಲ್ಲ, ಇದೂ ಹಾಗೇ. ಹೊಲ ಉಳುವವನು ಬೇರೆ, ನೋಟಿಸ್ ಹೋಗುವುದು ಇನ್ನೊಬ್ಬನಿಗೆ. ಖಾತೆ ಬದಲಾವಣೆ ಅನ್ನುವುದು ಬೇರೆಯೇ ಕೆಲಸ. ಅದಕ್ಕೆ ಬೇರೆಯಾಗಿಯೇ ಓಡಾಡಬೇಕು.

ಎರಡನೇ ದಿನದಿಂದ ದಿನಾ ಬೆಳಿಗ್ಗೆ ಒಂದು ಮೇಲ್. ಸ್ಪೇರ್ ಡಿಸ್ಕ್ ಕಾಣೆಯಾಗಿದೆ ಅಂತ ಎಂಡಿಎಡಿಎಂ ಬರೆಯುತ್ತಿತ್ತು. ನಾನು ಸ್ಪೇರ್ ಇಟ್ಟೇ ಇರಲಿಲ್ಲ, ಕಾಣೆಯಾಗುವುದು ಎಲ್ಲಿಂದ? ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಸಿಂಕ್ ನಡೆಯುವಾಗ ಹೊಸ ಡಿಸ್ಕ್ ಇನ್ನೂ ಪೂರ್ತಿ ಸದಸ್ಯ ಅಲ್ಲ, ಅದನ್ನು ಸ್ಪೇರ್ ಅಂತಲೇ ಎಣಿಸುತ್ತದೆ. ಮಿರ್ಚಿ ತಿನ್ನುತ್ತಾ ನಾನು ಬರೆಸಿದ ಕಾನ್ಫಿಗ್ ಫೈಲ್‌ಗೆ ಆಗ ಒಂದು ಸ್ಪೇರ್ ಇದೆ ಅಂತ ಸೇರಿಕೊಂಡಿತ್ತು. ಸಿಂಕ್ ಮುಗಿದು ಡಿಸ್ಕ್ ಪೂರ್ತಿ ಸದಸ್ಯ ಆದ ಮೇಲೆ ಸ್ಪೇರ್ ಎಲ್ಲಿ ಅಂತ ದಿನಾ ವಿಚಾರಣೆ. ಒಂದು ಪದ ಅಳಿಸಿದೆ, ಮೇಲ್ ನಿಂತಿತು. ಸಿಂಕ್ ಮುಗಿಯುವ ತನಕ ಆ ಫೈಲ್ ಮುಟ್ಟಬಾರದು.

ಇಲ್ಲಿಯ ತನಕ ಬಂದವೆಲ್ಲ ಕಾಗದದ ಮೇಲಿನ ಎರರ್. ಮೂರನೇ ದಿನ ಮಧ್ಯಾಹ್ನ ನಿಜವಾದದ್ದು ಬಂತು.

ಕಾಟಾದ ಮೇಲೆ ಭತ್ತದ ಲಾರಿ ನಿಂತಿದೆ, ತೂಕ ಬಂದಿದೆ, ಸ್ಲಿಪ್ ಬರುತ್ತಿಲ್ಲ. ಹಿಂದೆ ಇನ್ನೂ ನಾಲ್ಕು ಲಾರಿ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅರ್ಧ ನಿಮಿಷ ಎಲ್ಲ ಸ್ತಬ್ಧ, ಆಮೇಲೆ ಪ್ರಿಂಟರ್ ತಾನಾಗಿಯೇ ಕಿರ್ ಅಂತ ಶುರು ಮಾಡಿತು. ಫೋನ್ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಓಡಿಹೋಗಿ ಜರ್ನಲ್ (ಸಿಸ್ಟಮ್‌ನ ಲಾಗ್) ತೆಗೆದರೆ ಎರಡನೇ ಡಿಸ್ಕ್ ಓದಲಾಗುತ್ತಿಲ್ಲ ಅಂತ ಸಾಲು ಸಾಲು. ಎದೆ ಧಸಕ್ ಅಂತು. ಹೊಸ ಡಿಸ್ಕ್! ಒಂದು ಗಂಟೆ ಅದರ ಹಿಂದೆ ಬಿದ್ದೆ. ಸ್ಮಾರ್ಟ್ ನೋಡಿದರೆ ಎಲ್ಲ ಸೊನ್ನೆ, ಎಷ್ಟು ಓದಿಸಿದರೂ ಓದುತ್ತದೆ. ಆಮೇಲೆ ತಾರೀಕು ನೋಡಿದೆ. ಆ ಸಾಲುಗಳೆಲ್ಲ ಮಾರ್ಚ್ ತಿಂಗಳವು. ನನ್ನ ಚೀಲದಲ್ಲಿದ್ದ ಹಳೇ ಡಿಸ್ಕ್‌ನ ಪುರಾಣ ಅದು.

ಜರ್ನಲ್ ನೋಡುವಾಗ ಈಗಿನ ಬೂಟ್ ಮಾತ್ರ ತೋರಿಸು ಅನ್ನುವ ಬಿ ಆಯ್ಕೆ ಹಾಕಬೇಕು. ನನಗೆ ಗೊತ್ತಿಲ್ಲದ್ದೇನಲ್ಲ, ಹಾರ್ನ್ ಶಬ್ದದಲ್ಲಿ ಮರೆತದ್ದು. ಇನ್ನೊಂದು, ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಡಿಸ್ಕ್‌ಗೆ ಅಂಟಿಕೊಂಡವಲ್ಲ. ಡಿಸ್ಕ್ ಬದಲಾದರೂ ಹೆಸರು ಅದೇ ಬರಬಹುದು, ರೀಬೂಟ್ ಆದಾಗ ಅದಲು ಬದಲೂ ಆಗಬಹುದು. ಡಿಸ್ಕ್ ಯಾವುದು ಅಂತ ಖಚಿತವಾಗಿ ತಿಳಿಯಲು ಸೀರಿಯಲ್ ನಂಬರ್ ನೋಡಬೇಕು.

ಈಗಿನ ಬೂಟ್‌ನ ಸಾಲುಗಳನ್ನಷ್ಟೇ ತೆಗೆದಾಗ ನಿಜ ಸಂಗತಿ ಸಿಕ್ಕಿತು. ದೂರು ಇದ್ದದ್ದು ಎಟಿಎ1 ಮೇಲೆ, ಅಂದರೆ ಮೊದಲನೇ ಹೊಸ ಡಿಸ್ಕ್. ಕಮಾಂಡ್ ವಿಫಲ, ಲಿಂಕ್ ಹಾರ್ಡ್ ರೀಸೆಟ್, ಮತ್ತೆ ಅದೇ. ಕೊನೆಗೆ ಕರ್ನಲ್ ಬೇಸತ್ತು ಲಿಂಕ್ ವೇಗವನ್ನು 6ರಿಂದ 3 ಗಿಗಾಬಿಟ್‌ಗೆ ಇಳಿಸಿತ್ತು. ಡಿಸ್ಕ್ ಉತ್ತರ ಕೊಡದಿದ್ದರೆ ಕರ್ನಲ್ ಮಾಮೂಲಿಯಾಗಿ 30 ಸೆಕೆಂಡ್ ಕಾಯುತ್ತದೆ. ಕಾಟಾದ ಆ ಅರ್ಧ ನಿಮಿಷ ಅಲ್ಲಿಂದಲೇ ಬಂದದ್ದು.

ಹೊಸ ಡಿಸ್ಕ್ ಹುಟ್ಟಿನಿಂದಲೇ ಕೆಟ್ಟಿದೆ ಅಂತ ತೀರ್ಪು ಕೊಟ್ಟೆ. ಹುಬ್ಬಳ್ಳಿಗೆ ಫೋನ್ ಮಾಡಿ ಜಗಳ ಕೂಡ ಆಡಿದೆ. ಅವರು ಪಾಪ, ವಾಪಸ್ ಕಳಿಸಿ ಅಂದರು. ನಾಲ್ಕನೇ ದಿನ ಡಿಸ್ಕ್ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಟೇಬಲ್ ಕೆಳಗೆ ತೂರಿದಾಗ ಗುಮಾಸ್ತರು ಮೇಲಿಂದ ಅಂದರು, “ಅಲ್ರೀ, ಇದು ಮೊದ್ಲಿಂದಾನೂ ಹಿಂಗ ನಡುನಡುವ ನಿಂದರ್ತಿತ್ತಲ್ರೀ. ಡಿಸ್ಕ್ ಬದ್ಲಿ ಮಾಡೋಕಿಂತ ಮುಂಚೇನೂ.”

“ಮತ್ತ ನನಗ್ಯಾಕ ಹೇಳಿಲ್ರೀ?”

“ತಾನಾ ಸರಿ ಆಗ್ತಿತ್ತು. ಹೇಳೋದೇನೈತಿ ಅಂತ ಬಿಟ್ಟೆ.”

ಟೇಬಲ್ ಕೆಳಗೇ ಕೂತುಬಿಟ್ಟೆ. ಹಳೇ ಡಿಸ್ಕ್‌ಗೂ ಇದೇ ಆಗುತ್ತಿತ್ತು, ಹೊಸದಕ್ಕೂ ಇದೇ ಆಗುತ್ತಿದೆ. ಅಂದರೆ ಎರಡಕ್ಕೂ ಸಾಮಾನ್ಯವಾದದ್ದು ಬೇರೇನೋ ಇದೆ.

ಮತ್ತೆ ಸ್ಮಾರ್ಟ್ ತೆಗೆದು, ಈ ಸಲ ನಿಧಾನಕ್ಕೆ ಓದಿದೆ. 5ನೇ ಸಾಲು, ಅಂದರೆ ಕೆಟ್ಟು ಬೇರೆ ಜಾಗಕ್ಕೆ ಹೋದ ಸೆಕ್ಟರ್, ಸೊನ್ನೆ. 197 ಸೊನ್ನೆ. 198 ಸೊನ್ನೆ. 199 ಮಾತ್ರ 31. ನಾನು ನೋಡುತ್ತಿದ್ದಂತೆಯೇ 37 ಆಯಿತು. ಈ 199 ಅನ್ನುವುದು ಸಿಆರ್‌ಸಿ ಎರರ್. ಡಿಸ್ಕ್ ಮತ್ತು ಬೋರ್ಡ್ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟಾಗ ಏರುವ ಲೆಕ್ಕ ಅದು. ಮಿಲ್‌ನಲ್ಲಿ ಚೀಲ ಸರಿಯಾಗಿಯೇ ಹೊಲಿದಿದ್ದಾರೆ, ಲಾರಿಯಲ್ಲಿ ಹರಿದಿದೆ ಅಂತಾರಲ್ಲ, ಹಾಗೆ. ಡಿಸ್ಕ್ ಒಳಗೆ ಏನೂ ಆಗಿಲ್ಲ. ದಾರಿ ಕೆಟ್ಟಿದೆ. ದಾರಿ ಅಂದರೆ ಕೇಬಲ್.

ಆದರೆ ಈ ಸಲ ಅಂದಾಜಿನ ಮೇಲೆ ತೀರ್ಪು ಕೊಡಲಿಲ್ಲ. ಹೊಸ ಕೇಬಲ್ ಹಾಕಿ ಸರಿಯಾದರೆ, ಬರೀ ಬಿಚ್ಚಿ ಹಾಕಿದ್ದಕ್ಕೆ ಸರಿಯಾಯಿತೋ ಕೇಬಲ್‌ನಿಂದ ಸರಿಯಾಯಿತೋ ಗೊತ್ತಾಗಲ್ಲ. ಹಾಗಾಗಿ ಮೊದಲನೇ ಡಿಸ್ಕ್‌ನ ಕೇಬಲ್ಲನ್ನು ಎರಡನೆಯದಕ್ಕೆ, ಅದರದ್ದನ್ನು ಇದಕ್ಕೆ ಹಾಕಿದೆ. ಡಿಸ್ಕ್‌ಗಳು ಅವವೇ ಪೋರ್ಟ್‌ನಲ್ಲಿ, ಕೇಬಲ್ ಮಾತ್ರ ಅದಲು ಬದಲು. ಸಂಜೆ ಕಾಟಾ ನಿಂತ ಮೇಲೆ ರೇಡ್‌ನ ಚೆಕ್ ಓಡಿಸಿದೆ, ಅದು ಎರಡೂ ಡಿಸ್ಕ್ ಅನ್ನು ಪೂರ್ತಿ ಓದಿಸುತ್ತದೆ. ಒಂದು ಗಂಟೆಯಲ್ಲಿ ಮೊದಲನೇ ಡಿಸ್ಕ್‌ನ 199 ಮೂವತ್ತೇಳರಲ್ಲೇ ನಿಂತಿತ್ತು. ಅಲ್ಲಿಯ ತನಕ ಸೊನ್ನೆ ಇದ್ದ ಎರಡನೇ ಡಿಸ್ಕ್‌ನದು 6 ಆಗಿತ್ತು. ರೋಗ ಕೇಬಲ್ ಜೊತೆಗೇ ಹೋಗಿತ್ತು.

ಆ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದೆ. ಒಂದು ಕಡೆ ಚೂಪಾಗಿ ಮಡಚಿಕೊಂಡು ಬಿಳಿ ಗೆರೆ ಬಿದ್ದಿತ್ತು. ಪವರ್ ಸಪ್ಲೈ ವೈರ್‌ಗಳ ಜೊತೆ ಸೇರಿಸಿ ಪ್ಲಾಸ್ಟಿಕ್ ಟೈನಿಂದ ಬಿಗಿಯಾಗಿ ಕಟ್ಟಿದ ಜಾಗ ಅದು. ಒಳಗಡೆ ನೀಟಾಗಿ ಕಾಣಲಿ ಅಂತ ಆರು ವರ್ಷದ ಹಿಂದೆ ಕಟ್ಟಿದವನು ಯಾರು ಅಂತ ಹೇಳಬೇಕಾಗಿಲ್ಲ. ಕನೆಕ್ಟರ್ ಬಾಯಲ್ಲಿ ತೌಡಿನ ಧೂಳು ಬೂದು ಬಣ್ಣದ ಪಟ್ಟಿಯ ಹಾಗೆ ಕೂತಿತ್ತು. ಮರುದಿನ ಲಾಕ್ ಕ್ಲಿಪ್ ಇರುವ ಎರಡು ಕೇಬಲ್ ತಂದು ಹಾಕಿ, ಸಡಿಲವಾಗಿ ಬಿಟ್ಟೆ. ನೀಟಾಗಿ ಕಾಣಲ್ಲ. ಇರಲಿ.

ಆ ದಿನವೇ ಇನ್ನೊಂದು ಯೋಚನೆ ಬಂತು. ಇಷ್ಟೆಲ್ಲ ನಡೆಯುವಾಗ ಸ್ಮಾರ್ಟ್‌ಡಿಯಿಂದ ಒಂದು ಮಾತೂ ಇಲ್ಲವಲ್ಲ? 199 ಏರಿದ್ದಕ್ಕೆ ನಮ್ಮ ಸೆಟ್ಟಿಂಗ್‌ನಲ್ಲಿ ಮೇಲ್ ಬರಲ್ಲ, ಅದು ಸರಿ. ಆದರೆ ಲಾಗ್‌ನಲ್ಲೂ ಅದರ ಸುಳಿವಿಲ್ಲ. ವಿಫಲವಾದ ಸರ್ವಿಸ್‌ಗಳ ಪಟ್ಟಿ ಕೇಳಿದರೆ ಅಲ್ಲಿ ಅದೊಂದೇ ಹೆಸರು ಕೆಂಪಗೆ ಕೂತಿತ್ತು. ಸ್ಮಾರ್ಟ್‌ಡಿಯ ಕಾನ್ಫಿಗ್‌ನಲ್ಲಿ ಎರಡು ಹಳೇ ಡಿಸ್ಕ್‌ಗಳನ್ನು ಸೀರಿಯಲ್ ನಂಬರ್ ಸಮೇತ ಹೆಸರಿಸಿದ್ದೆ. ಹೆಸರಿಸಿದ ಡಿಸ್ಕ್ ಕಾಣದಿದ್ದರೆ, ತೆಗೆದು ಹಾಕಬಹುದಾದದ್ದು ಅಂತ ಅದಕ್ಕೆ ಮೊದಲೇ ಹೇಳಿರದಿದ್ದರೆ, ಸ್ಮಾರ್ಟ್‌ಡಿ ಶುರುವಾಗುವಾಗಲೇ ಅಂಗಡಿ ಮುಚ್ಚುತ್ತದೆ. ಅಂದರೆ ನಾಲ್ಕು ದಿನ ಹೊಸ ಡಿಸ್ಕ್‌ಗಳನ್ನು ಕಾಯುವವರೇ ಇರಲಿಲ್ಲ. ಮೇಲ್ ಬರುತ್ತಿಲ್ಲ, ಹಾಗಾದರೆ ಡಿಸ್ಕ್ ಚೆನ್ನಾಗಿವೆ ಅಂದುಕೊಂಡು ಕೂತಿದ್ದೆ! ಬಾಕಿ ಎರರ್‌ಗಳೆಲ್ಲ ಕಿರಿಕಿರಿ ಅಷ್ಟೇ, ನನಗೆ ನಿಜಕ್ಕೂ ಹೆದರಿಕೆ ಆದದ್ದು ಇದೊಂದಕ್ಕೆ. ಹೆಸರು ತೆಗೆದು, ಇರುವ ಡಿಸ್ಕ್‌ಗಳನ್ನು ತಾನೇ ಹುಡುಕಿಕೊಳ್ಳಲಿ ಅಂತ ಡಿವೈಸ್‌ಸ್ಕ್ಯಾನ್ ಸಾಲು ಹಾಕಿದೆ. ಒಂದು ಟೆಸ್ಟ್ ಮೇಲ್ ಕೂಡ ಕಳಿಸಿ ನೋಡಿದೆ.

ಇಷ್ಟಾದ ಮೇಲೆ ಎರಡು ವಾರ ಶಾಂತಿ. ಆಮೇಲೆ ಮಾಮೂಲಿ ಅಪ್‌ಡೇಟ್ ಹಾಕುವಾಗ ಗ್ರಬ್ ನಿಂತಿತು. ಯಾವುದೋ ಡಿಸ್ಕ್ ಮೇಲೆ ಇನ್‌ಸ್ಟಾಲ್ ಆಗಲಿಲ್ಲ ಅಂತ. ಯಾವುದು ಅಂತ ನೋಡಿದರೆ ಮತ್ತೆ ಅದೇ ಹಳೇ ಸೀರಿಯಲ್ ನಂಬರ್. ಗ್ರಬ್ಬನ್ನು ನಾನು ಕೈಯಾರೆ ಎರಡೂ ಹೊಸ ಡಿಸ್ಕ್‌ಗೆ ಹಾಕಿದ್ದೆ, ಬೂಟ್ ಕೂಡ ಆಗುತ್ತಿತ್ತು. ಆದರೆ ಗ್ರಬ್ ಯಾವ ಡಿಸ್ಕ್ ಮೇಲೆ ಕೂರಬೇಕು ಅನ್ನುವುದನ್ನು ಡೆಬಿಯನ್ ತನ್ನ ಪ್ಯಾಕೇಜ್‌ಗಳ ಸೆಟ್ಟಿಂಗ್ ಬರೆದಿಡುವ ಡೆಬ್‌ಕಾನ್ಫ್ ಕಡತದಲ್ಲಿ ಬೇರೆಯಾಗಿ ನೆನಪಿಟ್ಟುಕೊಂಡಿರುತ್ತದೆ. ಗ್ರಬ್‌ಪಿಸಿ ಪ್ಯಾಕೇಜನ್ನು ಡಿಪಿಕೆಜಿ-ರೀಕಾನ್ಫಿಗರ್ ಕಮಾಂಡ್‌ನಿಂದ ಮತ್ತೆ ಸೆಟ್ ಮಾಡಿ, ಹೊಸ ಡಿಸ್ಕ್ ಎರಡಕ್ಕೂ ಟಿಕ್ ಹಾಕಿದೆ. ಆಮೇಲೆ ಒಂದು ರಾತ್ರಿ ಒಂದೊಂದೇ ಡಿಸ್ಕ್ ಕಿತ್ತು, ಉಳಿದ ಒಂದರಿಂದಲೇ ಬೂಟ್ ಆಗುತ್ತಾ ಅಂತ ನೋಡಿದೆ. ಎರಡೂ ಸಲ ಆಯಿತು. ಹಾಗೆ ಕಿತ್ತ ಡಿಸ್ಕ್ ಹಿಂದೆ ಬಿದ್ದಿರುತ್ತದೆ, ವಾಪಸ್ ರೇಡ್‌ಗೆ ಸೇರಿಸಿ, ಸಿಂಕ್ ಪೂರ್ತಿ ಮುಗಿದ ಮೇಲೆಯೇ ಇನ್ನೊಂದನ್ನು ಕೀಳಬೇಕು.

ಈಗ ಎಲ್ಲೇ ಡಿಸ್ಕ್ ಬದಲಾಯಿಸಿದರೂ, ಕೀಳುವ ಮೊದಲು ಹಳೆಯದರ ಸೀರಿಯಲ್ ನಂಬರ್, ಅದರ ಎಲ್ಲ ಪಾರ್ಟಿಷನ್‌ಗಳ ಯುಯುಐಡಿ ಬರೆದುಕೊಳ್ಳುತ್ತೇನೆ. ಹೊಸದು ಹಾಕಿದ ಮೇಲೆ ಸೆಟ್ಟಿಂಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರ್ ಪೂರ್ತಿ ಆ ನಂಬರ್‌ಗಳಿಗಾಗಿ ಗ್ರೆಪ್ ಕಮಾಂಡ್‌ನಿಂದ ಹುಡುಕುತ್ತೇನೆ. ಡೆಬ್‌ಕಾನ್ಫ್ ಕಡತ ಇಟಿಸಿಯಲ್ಲಿ ಇರಲ್ಲ, ವಾರ್ ಫೋಲ್ಡರ್‌ನ ಕ್ಯಾಶ್ ಒಳಗಿರುತ್ತದೆ, ಅಲ್ಲೂ ಹುಡುಕಬೇಕು. ಐದು ನಿಮಿಷದ ಕೆಲಸ.

ಹಳೇ ಡಿಸ್ಕ್‌ಗಳ ಕಥೆ ಬಾಕಿ ಇದೆ. ಎರಡನೆಯದು ನಿಜವಾಗಿಯೂ ಸತ್ತಿತ್ತು, ಚೀಲದಿಂದ ತೆಗೆದು ನೋಡಿದರೆ ಬಾಕಿ ಸೆಕ್ಟರ್ ನೂರು ದಾಟಿತ್ತು. ಮೊದಲನೆಯದನ್ನು ನನ್ನ ಅಂಗಡಿಯ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡಾಕ್‌ನಲ್ಲಿ ಹಾಕಿದೆ. ಕೂಡಲೇ ಎಂಡಿ127 ಅಂತ ಅರ್ಧ ರೇಡ್ ಎದ್ದು ನಿಂತಿತು. ಹಳೇ ಗುರುತು ಡಿಸ್ಕ್ ಮೇಲೆ ಹಾಗೇ ಇರುತ್ತದಲ್ಲ. ಅದಕ್ಕೇ ಇಂಥ ಡಿಸ್ಕನ್ನು ಒರೆಸದೆ ಅದೇ ಸರ್ವರ್‌ಗೆ ಮತ್ತೆ ಚುಚ್ಚಬಾರದು. ಸ್ಮಾರ್ಟ್ ನೋಡಿದೆ. 5 ಸೊನ್ನೆ, 197 ಸೊನ್ನೆ, 198 ಸೊನ್ನೆ. 199 ಮಾತ್ರ 212. ರಾತ್ರಿಯೆಲ್ಲ ಲಾಂಗ್ ಟೆಸ್ಟ್ ಓಡಿಸಿದೆ, ಒಂದು ತಪ್ಪೂ ಇಲ್ಲದೆ ಪಾಸ್.

ಅಂದರೆ ಆ ಡಿಸ್ಕ್ ಕೆಟ್ಟಿರಲೇ ಇಲ್ಲ. ಸಾಹುಕಾರರಿಗೆ ಇದನ್ನು ಹೇಳಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿ, ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಹಂಗಂದ್ರ ಅದನ್ನ ವಾಪಸ್ ಕೊಡ್ರಿ, ರೊಕ್ಕ ಕೊಟ್ಟಿದ್ದು ನಾವು” ಅಂದರು. ನ್ಯಾಯವೇ. ರೇಡ್ ಗುರುತು ಒರೆಸಿ, ಸರ್ವರ್‌ನ ಬ್ಯಾಕಪ್ ಡಿಸ್ಕ್ ಮಾಡಿ ಕೊಟ್ಟೆ. ವಾರಕ್ಕೊಮ್ಮೆ ಗುಮಾಸ್ತರು ಅದನ್ನು ಚುಚ್ಚಿ, ಕಾಪಿ ಮುಗಿದ ಮೇಲೆ ಕಿತ್ತು, ತಿಜೋರಿಯಲ್ಲಿ ಇಡುತ್ತಾರೆ.

199ರ ಲೆಕ್ಕ ಮಾತ್ರ ಕೇಬಲ್ ಬದಲಾಯಿಸಿದರೂ ಸೊನ್ನೆಗೆ ಇಳಿಯಲ್ಲ, ಡಿಸ್ಕ್ ಇರುವ ತನಕ ಅಲ್ಲೇ ಬರೆದಿರುತ್ತದೆ. ಏರುತ್ತಿದೆಯಾ ಅಂತಷ್ಟೇ ನೋಡಬೇಕು. ಇವತ್ತು ಬೆಳಿಗ್ಗೆ ನೋಡಿದೆ. ಒಂದರಲ್ಲಿ 37, ಇನ್ನೊಂದರಲ್ಲಿ 6.